ಪೀಪಾಯಿಯೊಳಗೆ ಜೀವವಿದೆ

ಕೇಂಬ್ರಿಜ್‌ನ ಬಿಯರ್ ಉತ್ಸವಕ್ಕೆ ಜನ ಬರುವ ಮೊದಲೇ ಬಿಯರ್ ಬಂದು ಮಲಗಿರುತ್ತದೆ. ಮೇ ತಿಂಗಳಲ್ಲಿ, ಕ್ಯಾಮ್ ನದಿಯ ದಂಡೆಗೆ ಹೊಂದಿಕೊಂಡ ಜೀಸಸ್ ಗ್ರೀನ್ ಎಂಬ ಹುಲ್ಲುಬಯಲಿನಲ್ಲಿ ದೊಡ್ಡ ಡೇರೆ ಏಳುತ್ತದೆ. ಅದರೊಳಗೆ ಅಟ್ಟಣಿಗೆಗಳು, ಅಟ್ಟಣಿಗೆಯ ಮೇಲೆ ಸಾಲುಸಾಲು ಲೋಹದ ಪೀಪಾಯಿಗಳು, ಎಲ್ಲವೂ ಅಡ್ಡ ಮಲಗಿಸಿದಂಥವು. ಸಾಮಾನ್ಯ ಪೀಪಾಯಿ ಒಂಬತ್ತು ಗ್ಯಾಲನ್ನಿನದು, ಎಂದರೆ 41 ಲೀಟರ್. ದೊಡ್ಡದು ಅದರ ಎರಡರಷ್ಟು. ಒಮ್ಮೆ ಮಲಗಿಸಿದ ಮೇಲೆ ಅದನ್ನು ಯಾರೂ ಅಲುಗಿಸುವಂತಿಲ್ಲ. ಉತ್ಸವದ ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ಗಷ್ಟು ತಳಕ್ಕಿಳಿದು, ಮೇಲಿನ ಬಿಯರ್ ತಿಳಿಯಾಗಿರಬೇಕು.

ಈ ಕಾಯುವಿಕೆಗೆ ಒಂದು ಸೂತ್ರವಿದೆ, ಅದೂ ಇದೇ ಊರಿನದು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1849ರಿಂದ 1903ರವರೆಗೆ ಕೇಂಬ್ರಿಜ್‌ನಲ್ಲಿ, ಹಿಂದೆ ನ್ಯೂಟನ್ ಕೂತಿದ್ದ ಲೂಕೇಸಿಯನ್ ಪೀಠದಲ್ಲಿದ್ದವರು. ದ್ರವದಲ್ಲಿ ಬೀಳುವ ಸಣ್ಣ ಗೋಳದ ವೇಗ ಅದರ ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆ ಎಂಬುದು ಅವರು 1851ರಲ್ಲಿ ಪ್ರಕಟಿಸಿದ ಲೆಕ್ಕ. ಬಿಯರ್‌ನಲ್ಲಿ ತೇಲುವ ಯೀಸ್ಟ್ ಕಣ ಒಂದು ಮಿಲಿಮೀಟರಿನ ನೂರೈವತ್ತನೇ ಒಂದು ಭಾಗದಷ್ಟು. ಸ್ಟೋಕ್ಸ್ ಸೂತ್ರಕ್ಕೆ ಅದನ್ನು ಹಾಕಿ ನೋಡಿದರೆ ಗಂಟೆಗೆ ನಾಲ್ಕೈದು ಮಿಲಿಮೀಟರ್ ಕೆಳಗಿಳಿಯುತ್ತದೆ, ಅಷ್ಟೇ. ಪೀಪಾಯಿಯ ಹೊಟ್ಟೆ ದಾಟಲು ಅದಕ್ಕೆ ಮೂರು ನಾಲ್ಕು ದಿನ ಬೇಕು. ಯಾರಾದರೂ ಎಡವಿ ಅಟ್ಟಣಿಗೆಗೆ ಗುದ್ದಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಆ ಗಷ್ಟು ಎಂದರೆ ಕಸವಲ್ಲ, ಜೀವಂತ ಯೀಸ್ಟ್. ಪೀಪಾಯಿಗೆ ತುಂಬುವಾಗ ಒಂದು ಮಿಲಿಲೀಟರ್ ಬಿಯರ್‌ನಲ್ಲಿ ಸುಮಾರು ಹತ್ತು ಲಕ್ಷ ಯೀಸ್ಟ್ ಕಣಗಳಿರುತ್ತವೆ. 41 ಲೀಟರಿನ ಪೀಪಾಯಿಗೆ ಲೆಕ್ಕ ಹಾಕಿದರೆ 4,000 ಕೋಟಿ ದಾಟುತ್ತದೆ. ಭೂಮಿಯ ಮೇಲಿರುವ ಮನುಷ್ಯರೆಲ್ಲರ ಐದರಷ್ಟು ಜೀವಿಗಳು ಒಂದು ಸಣ್ಣ ಪೀಪಾಯಿಯಲ್ಲಿ ಮಲಗಿರುತ್ತವೆ ಎಂದಾಯಿತು. ಇಂಗ್ಲೆಂಡಿನ ಇಂಥ ಉತ್ಸವಗಳ ಗಲಾಟೆ, ಹಟ, ಹೆಮ್ಮೆ ಎಲ್ಲವೂ ಈ ಜೀವಕ್ಕಾಗಿ. 1960ರ ದಶಕದಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಬಿಯರ್ ಸೋಸಿ, ಪಾಶ್ಚರೀಕರಿಸಿ, ಯೀಸ್ಟನ್ನು ಪೂರ್ತಿ ಕೊಂದು, ಸಿಲಿಂಡರಿನ ಅನಿಲ ತುಂಬಿ ಮಾರತೊಡಗಿದವು. ಸಾಗಿಸಲು ಸುಲಭ, ಕೆಡುವ ಭಯವಿಲ್ಲ, ಎಲ್ಲ ಊರಲ್ಲೂ ಒಂದೇ ರುಚಿ. ಇದನ್ನು ಸಹಿಸದ ನಾಲ್ವರು ಗೆಳೆಯರು 1971ರಲ್ಲಿ ಐರ್ಲೆಂಡ್ ಪ್ರವಾಸದಲ್ಲಿದ್ದಾಗ ಒಂದು ಸಂಘ ಕಟ್ಟಿಕೊಂಡರು. ಅದೇ ಇಂದಿನ ‘ಕ್ಯಾಮ್ರಾ’. ತುಂಬಿದ ಪಾತ್ರೆಯಲ್ಲೇ ಎರಡನೇ ಸಲ ಹುದುಗಬೇಕು, ಹೊರಗಿನ ಅನಿಲದ ಒತ್ತಡವಿಲ್ಲದೆ ಬಡಿಸಬೇಕು: ಇದು ಅವರು ಹಾಕಿದ ಷರತ್ತು. ಕೇಂಬ್ರಿಜ್‌ನ ಉತ್ಸವ ಶುರುವಾದದ್ದು 1974ರಲ್ಲಿ. ಅಲ್ಲಿ ಬಿಯರ್ ಸುರಿದುಕೊಡುವವರು ಸಂಬಳಕ್ಕೆ ಬಂದವರಲ್ಲ, ಸ್ವಯಂಸೇವಕರು. ಗ್ರಾಹಕರ ಚಳವಳಿಯೊಂದು ಸೂಕ್ಷ್ಮಜೀವಿಯ ಪರವಾಗಿ ನಿಂತ ಉದಾಹರಣೆ ಇದೊಂದೇ ಇರಬೇಕೆಂದು ನನ್ನ ಗುಮಾನಿ.

ನಾವು ಹೋದದ್ದು ನಾಲ್ವರು. ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಂಡ್ಯದ ಗೆಳೆಯ, ಸಸ್ಯವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಧಾರವಾಡದ ಗೆಳತಿ, ಮಂಗಳೂರಿನ ಇನ್ನೊಬ್ಬ, ಮತ್ತು ನಾನು. ಬಾಗಿಲಲ್ಲಿ ಠೇವಣಿ ಕೊಟ್ಟು ಗ್ಲಾಸ್ ತೆಗೆದುಕೊಳ್ಳಬೇಕು. ಗ್ಲಾಸಿನ ಮೈಮೇಲೆ ಮೂರು ಗೆರೆ: ಒಂದು ಪೈಂಟ್ ಎಂದರೆ 568 ಮಿಲಿಲೀಟರ್, ಅರ್ಧ, ಮತ್ತು ಮೂರನೇ ಒಂದು ಭಾಗ, 189. ನಾವು ಮೂರನೇ ಗೆರೆಯಿಂದಲೇ ಶುರುಮಾಡಿದೆವು. ಮಂಡ್ಯದವನು ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಏನ್ಲಾ ಇದು! ತಣ್ಣಗೂ ಇಲ್ಲ, ಗ್ಯಾಸೂ ಇಲ್ಲ. ಬಾಟ್ಲು ತಗ್ದು ಬಿಸ್ಲಲ್ಲಿ ಮಡಗಿ ಮರ್ತೋದಂಗದೆ.”

“ನೀ ಸುಮ್ನಿರೋ,” ಎಂದಳು ಧಾರವಾಡದವಳು. “ಹೊಟ್ಟ್ಯಾಗ ಗ್ಯಾಸ್ ತುಂಬ್ಕೊಳ್ಳಾಕ ಇಷ್ಟು ದೂರ ಬರಬೇಕಿತ್ತೇನು?”

ಅವನ ದೂರು ಹೊಸದೇನಲ್ಲ. ಬೆಂಗಳೂರಿನಲ್ಲಿ ಮಂಜುಗಟ್ಟುವಂಥ ಬಾಟಲಿ ಹಿಡಿದು ಬೆಳೆದವರೆಲ್ಲ ಇಂಗ್ಲೆಂಡಿಗೆ ಹೋಗಿ ಹೇಳುವ ಮೊದಲ ಮಾತೇ ಇದು. ಅದಕ್ಕೆ ಉತ್ತರ ಪೀಪಾಯಿಯಲ್ಲೇ ಇದೆ. ಆದರೆ ಅಲ್ಲಿಗೆ ಹೋಗಲು ಕಾಳಿನಿಂದ ಹೊರಡಬೇಕು.

ಬಿಯರ್‌ನ ಮೂಲ ಬಾರ್ಲಿ, ನಮ್ಮ ಜವೆಗೋಧಿ. ಯೀಸ್ಟಿಗೆ ಬೇಕಾದದ್ದು ಸಕ್ಕರೆ, ಕಾಳಿನಲ್ಲಿರುವುದು ಪಿಷ್ಟ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವ ಕೆಲಸವನ್ನು ಕಾಳಿನ ಕೈಯಲ್ಲೇ ಮಾಡಿಸುವ ಉಪಾಯಕ್ಕೆ ಮಾಲ್ಟಿಂಗ್ ಎಂದು ಹೆಸರು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಲು ಬಿಟ್ಟರೆ ಒಳಗಿನ ಭ್ರೂಣ ಎಚ್ಚೆತ್ತು ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತದೆ. ಕಾಳಿನ ಸಿಪ್ಪೆಯ ಕೆಳಗಿನ ತೆಳುಪದರ ಆ ಸುದ್ದಿ ಸಿಕ್ಕಿದ ಕೂಡಲೇ ಅಮೈಲೇಸ್ ಎಂಬ ಕಿಣ್ವ ತಯಾರಿಸತೊಡಗುತ್ತದೆ. ಸಸಿ ತನ್ನ ಮೊದಲ ಊಟಕ್ಕೆ ಮಾಡಿಕೊಂಡ ಏರ್ಪಾಡು ಅದು. ಅಷ್ಟರಲ್ಲಿ ಮನುಷ್ಯ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ ಬೆಳವಣಿಗೆ ನಿಲ್ಲಿಸುತ್ತಾನೆ. ಕಿಣ್ವ ಉಳಿಯುತ್ತದೆ, ಸಸಿ ಉಳಿಯುವುದಿಲ್ಲ. ಈ ಕಾಳನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಕರಗಿ ಸಿಹಿನೀರಾಗುತ್ತದೆ. ಬಿಸಿ ಎರಡು ಮೂರು ಡಿಗ್ರಿ ಹೆಚ್ಚಾದರೂ ಕಡಿಮೆಯಾದರೂ ಬಿಯರ್‌ನ ಮೈಕಟ್ಟೇ ಬೇರೆಯಾಗುತ್ತದೆ, ಏಕೆಂದರೆ ಸಕ್ಕರೆ ಮಾಡುವ ಎರಡು ಬಗೆಯ ಅಮೈಲೇಸ್‌ಗಳಲ್ಲಿ ಒಂದು ಹೆಚ್ಚು ಬಿಸಿ ತಡೆಯುತ್ತದೆ, ಇನ್ನೊಂದು ಬೇಗ ಸಾಯುತ್ತದೆ.

ಇದು ಹಳೇ ಮೈಸೂರಿನ ಅಡುಗೆಮನೆಗೆ ಗೊತ್ತಿಲ್ಲದ ವಿದ್ಯೆಯಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟುಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಲ್ಲಿ ಮಗುವಿಗೆ ಸರಿ ಮಾಡುತ್ತಾರಲ್ಲ, ಅದೂ ಮಾಲ್ಟಿಂಗೇ, ಕಿಣ್ವವೂ ಅದೇ ಅಮೈಲೇಸ್. ಮೊಳಕೆ ಬರಿಸದ ರಾಗಿಯ ಗಂಜಿ ಬೇಗ ಗಟ್ಟಿಯಾಗುತ್ತದೆ, ಮಗು ನುಂಗಲು ನೀರು ಬೆರೆಸಲೇಬೇಕು. ನೀರು ಬೆರೆಸಿದಷ್ಟೂ ಪ್ರತಿ ಚಮಚೆಯಲ್ಲಿ ಆಹಾರ ಕಡಿಮೆ. ಮೊಳಕೆ ರಾಗಿಯಲ್ಲಿ ಅಮೈಲೇಸ್ ಪಿಷ್ಟವನ್ನು ತುಂಡು ಮಾಡಿರುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ರಾಗಿ ಮಾಲ್ಟಿನ ಮೇಲೆ ಬಹಳ ಕೆಲಸ ಮಾಡಿದೆ.

ಪೀಪಾಯಿಯ ಮುಂದೆ ತೂಗುಹಾಕಿದ್ದ ಚೀಟಿಯೊಂದರಲ್ಲಿ ಬಾರ್ಲಿಯ ತಳಿಯ ಹೆಸರೂ ಇತ್ತು: ಮಾರಿಸ್ ಆಟರ್. ಗೆಳತಿ ಅದರ ಮುಂದೆ ನಿಂತವಳು ಅಲ್ಲಾಡಲಿಲ್ಲ. ಅವಳಿಗೆ ಅದು ಬಿಯರ್‌ಗಿಂತ ದೊಡ್ಡ ಆಕರ್ಷಣೆ. ಜೀಸಸ್ ಗ್ರೀನ್‌ನಿಂದ ನಾಲ್ಕೈದು ಕಿಲೋಮೀಟರ್ ದಕ್ಷಿಣಕ್ಕೆ ಟ್ರಂಪಿಂಗ್ಟನ್ ಎಂಬ ಊರು. ಅಲ್ಲಿನ ಮಾರಿಸ್ ಲೇನ್‌ನಲ್ಲಿ ಸಸ್ಯತಳಿ ಸಂಶೋಧನಾ ಸಂಸ್ಥೆಯೊಂದಿತ್ತು. ಜಿ.ಡಿ.ಎಚ್. ಬೆಲ್ ಮತ್ತು ಸಂಗಡಿಗರು ಪ್ರಾಕ್ಟರ್, ಪಯೋನಿಯರ್ ಎಂಬ ಎರಡು ಬಾರ್ಲಿಗಳನ್ನು ಬೆರೆಸಿ ತೆಗೆದ ತಳಿ ಇದು, 1965ರಲ್ಲಿ ರೈತರ ಕೈಗೆ ಬಂತು. ರಸ್ತೆಯ ಹೆಸರೇ ತಳಿಗೂ ಅಂಟಿತು. ಬ್ರಿಟನ್ನಿನಲ್ಲಿ ಮನೆಮಾತಾದ ಮಾರಿಸ್ ಪೈಪರ್ ಆಲೂಗಡ್ಡೆಯೂ ಅದೇ ರಸ್ತೆಯ ಕೂಸು. ಕಾಳಿನಲ್ಲಿ ಪ್ರೋಟೀನ್ ಕಡಿಮೆ, ಮಾಲ್ಟ್ ಮಾಡುವುದು ಸಲೀಸು, ರುಚಿ ತುಂಬು. ಆದರೆ ಇಳುವರಿಯಲ್ಲಿ ಹೊಸ ತಳಿಗಳ ಮುಂದೆ ನಿಲ್ಲಲಾರದೆ ಹೊಲಗಳಿಂದ ಮರೆಯಾಗುತ್ತಿತ್ತು. ಕೆಲವು ಬೀಜವ್ಯಾಪಾರಿಗಳು ಶುದ್ಧ ಬೀಜ ಕಾಪಾಡಿ ಮತ್ತೆ ಬೆಳೆಸಿದರು; ಸಣ್ಣ ಬ್ರೂವರಿಗಳು ಹೆಚ್ಚು ಬೆಲೆ ಕೊಟ್ಟು ಕೊಂಡವು. ಸಂಸ್ಥೆಯನ್ನು 1987ರಲ್ಲಿ ಸರ್ಕಾರ ಮಾರಿಬಿಟ್ಟಿತು. ತಳಿ ಹುಟ್ಟಿದ ಹೊಲದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಸಾರ್ವಜನಿಕ ದುಡ್ಡಿನ ಸಂಶೋಧನೆ ಹೀಗೆ ಕೊನೆಯಾದದ್ದು ಒಳ್ಳೆಯದಾಯಿತೆಂದು ನನಗನ್ನಿಸುವುದಿಲ್ಲ, ಆ ಮಾತು ಬೇರೆ.

ಸಿಹಿನೀರನ್ನು ಹಾಪ್ಸ್ ಹೂಗಳ ಜೊತೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸುತ್ತಾರೆ. ಇಲ್ಲಿಂದ ಮುಂದೆ ಮನುಷ್ಯನಿಗೆ ಹೆಚ್ಚೇನೂ ಕೆಲಸವಿಲ್ಲ. ಯೀಸ್ಟ್ ಸಕ್ಕರೆ ತಿಂದು ಹೆಚ್ಚುಕಡಿಮೆ ಸಮತೂಕದ ಎರಡು ವಸ್ತುಗಳನ್ನು ಹೊರಹಾಕುತ್ತದೆ: ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ಯೋಚಿಸಿದರೆ ಇದು ದುಂದುಗಾರಿಕೆ. ಆಮ್ಲಜನಕ ಬಳಸಿ ಸಕ್ಕರೆಯನ್ನು ಪೂರ್ತಿ ಉರಿಸಿದ್ದರೆ ಹಲವು ಪಟ್ಟು ಶಕ್ತಿ ಸಿಗುತ್ತಿತ್ತು. ಆಮ್ಲಜನಕ ಕೈಗೆಟುಕುವಂತಿದ್ದರೂ, ಸಕ್ಕರೆ ಧಾರಾಳವಾಗಿದ್ದರೆ ಈ ಜೀವಿ ಆಲ್ಕೋಹಾಲ್ ದಾರಿಯನ್ನೇ ಹಿಡಿಯುತ್ತದೆ. ಕಾರಣ ಕುತಂತ್ರದ್ದು. ಹಣ್ಣಿನ ಮೇಲೆ ಯೀಸ್ಟ್ ಒಂಟಿಯಲ್ಲ. ಬ್ಯಾಕ್ಟೀರಿಯಾಗಳೂ ಬೇರೆ ಶಿಲೀಂಧ್ರಗಳೂ ಅದೇ ಸಕ್ಕರೆಗೆ ಹೊಂಚುಹಾಕಿರುತ್ತವೆ. ಆಲ್ಕೋಹಾಲ್ ಅವುಗಳಿಗೆ ವಿಷ, ಯೀಸ್ಟಿಗೆ ಸಹ್ಯ. ಮೊದಲು ಸಕ್ಕರೆಯನ್ನು ಆಲ್ಕೋಹಾಲ್ ಮಾಡಿ ಎದುರಾಳಿಗಳನ್ನು ಓಡಿಸುವುದು, ಸಕ್ಕರೆ ಮುಗಿದ ಮೇಲೆ ನಿಧಾನವಾಗಿ ಆ ಆಲ್ಕೋಹಾಲನ್ನೇ ತಿನ್ನುವುದು. ಈ ಎರಡು ಕೆಲಸಕ್ಕೆ ಅದರ ಬಳಿ ಎರಡು ಬೇರೆಬೇರೆ ಜೀನ್‌ಗಳಿವೆ. ಪೀಪಾಯಿಯ ಮುಚ್ಚಳ ಬಿಗಿದು ಗಾಳಿ ತಪ್ಪಿಸಿ ಎರಡನೇ ಊಟಕ್ಕೆ ನಾವು ಕಲ್ಲು ಹಾಕುತ್ತೇವೆ.

ಬಿಯರ್ ಯೀಸ್ಟ್ ಕಾಡಿನದಲ್ಲ, ಹಟ್ಟಿಯದು. ಬ್ರೂವರಿಗಳು ಒಂದು ಸಲದ ನೊರೆಯಿಂದ ಯೀಸ್ಟ್ ತೆಗೆದು ಮುಂದಿನ ಸಲಕ್ಕೆ ಹಾಕುತ್ತವೆ, ಮನೆಯಲ್ಲಿ ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ. ನೂರಾರು ವರ್ಷ ಹೀಗೆ ನಡೆದು ಅದರ ಸ್ವಭಾವವೇ ಬದಲಾಗಿದೆ. 2016ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 157 ಬಗೆಯ ಯೀಸ್ಟ್‌ಗಳ ಪೂರ್ತಿ ಜೀನೋಮ್ ಓದಿ ಹೋಲಿಸಿದರು. ಬಹುಪಾಲು ಬಿಯರ್ ಯೀಸ್ಟ್‌ಗಳು ಲೈಂಗಿಕ ಸಂತಾನೋತ್ಪತ್ತಿಯ ಶಕ್ತಿಯನ್ನು ಕಳೆದುಕೊಂಡಿವೆ ಅಥವಾ ಬಹಳ ಕುಂದಿಸಿಕೊಂಡಿವೆ. ಲವಂಗದಂಥ ಘಾಟು ತರುವ ಒಂದು ವಸ್ತುವನ್ನು ತಯಾರಿಸುವ ಜೀನ್‌ಗಳು ಅನೇಕ ತಳಿಗಳಲ್ಲಿ ಕೆಟ್ಟುಹೋಗಿವೆ, ಏಕೆಂದರೆ ಆ ಘಾಟು ಹೆಚ್ಚಿನ ಬ್ರೂವರಿಗಳಿಗೆ ಬೇಡವಾಗಿತ್ತು. ಯಾರೂ ಸೂಕ್ಷ್ಮದರ್ಶಕ ಹಿಡಿದು ಆರಿಸಿದ್ದಲ್ಲ. ರುಚಿ ನೋಡಿ ಕೆಟ್ಟದ್ದನ್ನು ಚೆಲ್ಲಿ, ಒಳ್ಳೆಯದರ ನೊರೆಯನ್ನು ಎತ್ತಿಟ್ಟುಕೊಂಡದ್ದೇ ಆಯ್ಕೆ.

ನಮ್ಮ ಗ್ಲಾಸುಗಳ ಸುತ್ತ ಪುಟ್ಟ ಹಣ್ಣುನೊಣಗಳು ಹಾರಾಡುತ್ತಿದ್ದವು. ಮಂಡ್ಯದವನು ಕೈಬೀಸಿ ಓಡಿಸುತ್ತಿದ್ದ. ಅವುಗಳಿಗೂ ಈ ಕತೆಯಲ್ಲಿ ಪಾತ್ರವಿದೆ. ಬಿಯರ್‌ನಲ್ಲಿ ಬಾಳೆಹಣ್ಣು, ಪೇರಳೆಯ ವಾಸನೆ ಬರುವುದು ಎಸ್ಟರ್‌ಗಳೆಂಬ ಆವಿಯಾಗುವ ವಸ್ತುಗಳಿಂದ; ಅವನ್ನು ಮಾಡುವುದು ಯೀಸ್ಟ್. ಯೀಸ್ಟಿಗೆ ರೆಕ್ಕೆಯಿಲ್ಲ, ಕಾಲಿಲ್ಲ, ಒಂದು ಹಣ್ಣಿಂದ ಇನ್ನೊಂದಕ್ಕೆ ಹೋಗಲು ಸವಾರಿ ಬೇಕು. ಎಸ್ಟರ್ ತಯಾರಿಸುವ ಮುಖ್ಯ ಜೀನನ್ನು ಕಿತ್ತುಹಾಕಿದ ಯೀಸ್ಟ್ ಕಡೆಗೆ ಹಣ್ಣುನೊಣಗಳು ಅಷ್ಟಾಗಿ ಬರುವುದಿಲ್ಲವೆಂದು 2014ರಲ್ಲಿ ಪ್ರಯೋಗದಿಂದ ತಿಳಿಯಿತು. ನಾವು ಮೂಸಿ ಮೂಸಿ ಹೊಗಳುತ್ತಿದ್ದ ಆ ಪರಿಮಳ ನೊಣಕ್ಕೆ ಬರೆದ ಕರೆಯೋಲೆ.

ಈಗ ಪೀಪಾಯಿಗೆ ಬರೋಣ. ಬ್ರೂವರಿಯಲ್ಲಿ ಹುದುಗು ಬಹುಪಾಲು ಮುಗಿದು, ಇನ್ನೂ ಚೂರು ಸಕ್ಕರೆ ಉಳಿದಿರುವಾಗಲೇ ಬಿಯರನ್ನು ಪೀಪಾಯಿಗೆ ತುಂಬಿ ಬಿರಡೆ ಬಿಗಿಯುತ್ತಾರೆ. ಯೀಸ್ಟ್ ಒಳಗೆ ಕೆಲಸ ಮುಂದುವರಿಸುತ್ತದೆ. ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಎರಡು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದು ಹೊರಗೆ ಒಂದು ಲೀಟರ್ ಜಾಗ ತುಂಬುವಷ್ಟು ಅನಿಲ. ಪೀಪಾಯಿಯನ್ನು ಅಟ್ಟಣಿಗೆಗೇರಿಸಿದ ಮೇಲೆ ಬಿರಡೆಯ ನಡುವೆ ತೂತು ಕೊಟ್ಟು ಅಲ್ಲಿಗೆ ಬಿದಿರಿನದೋ ಮೆದುಮರದ್ದೋ ಒಂದು ಸಣ್ಣ ಗೂಟ ಹೊಡೆಯುತ್ತಾರೆ. ಹೆಬ್ಬೆರಳುದ್ದದ ಗೂಟ, ಆದರೆ ಎಲ್ಲ ನಾಜೂಕೂ ಅದರಲ್ಲೇ. ಅದರ ನಾರಿನ ಸಂದಿಯಿಂದ ಹೆಚ್ಚಾದ ಅನಿಲ ನುಸುಳಿ ಹೊರಬರುತ್ತದೆ, ಜೊತೆಗೆ ಕಂದು ನೊರೆ ಉಕ್ಕುತ್ತದೆ. ಕೌಂಟರಿನ ಹಿಂದಿದ್ದ ಹಿರಿಯ ಸ್ವಯಂಸೇವಕರೊಬ್ಬರು ನಮ್ಮ ಕುತೂಹಲ ಕಂಡು ಪರೀಕ್ಷೆ ಮಾಡುವ ಬಗೆ ತೋರಿಸಿದರು. ಗೂಟದ ತುದಿಯ ನೊರೆಯನ್ನು ಬೆರಳಿನಿಂದ ಒರೆಸಬೇಕು. ಮರುಕ್ಷಣವೇ ಮತ್ತೆ ಗುಳ್ಳೆ ಕಟ್ಟಿದರೆ ಒಳಗೆ ಇನ್ನೂ ಉತ್ಸಾಹವಿದೆ. ಕೆಲವು ಸೆಕೆಂಡು ತಡೆದು ಬಂದರೆ ಹದಕ್ಕೆ ಬಂತು. ಆಗ ಮೆದು ಗೂಟ ಕಿತ್ತು ಗಟ್ಟಿಮರದ ಗೂಟ ಬಡಿದು ಉಳಿದ ಅನಿಲವನ್ನು ಒಳಗೇ ತಡೆಯಬೇಕು. ಒತ್ತಡ ಅಳೆಯುವ ಮೀಟರ್ ಯಾವುದೂ ಅಲ್ಲಿರಲಿಲ್ಲ.

ಗ್ಯಾಸಿನ ದೂರಿಗೆ ಉತ್ತರ ಇದೇ. ದ್ರವದಲ್ಲಿ ಎಷ್ಟು ಅನಿಲ ಕರಗಿರುತ್ತದೆ ಎಂಬುದನ್ನು ಒತ್ತಡ ಮತ್ತು ತಾಪ ತೀರ್ಮಾನಿಸುತ್ತವೆ. 12 ಡಿಗ್ರಿಯಲ್ಲಿ, ಹೊರಗಿನ ಗಾಳಿಯಷ್ಟೇ ಒತ್ತಡದ ಕಾರ್ಬನ್ ಡೈಆಕ್ಸೈಡ್ ಕೆಳಗೆ ಬಿಯರ್ ತನ್ನಷ್ಟೇ ಗಾತ್ರದ, ಇಲ್ಲವೇ ತುಸು ಹೆಚ್ಚಿನ ಅನಿಲವನ್ನು ಹಿಡಿದುಕೊಳ್ಳಬಲ್ಲದು. ಗೂಟ ಉಳಿಸುವುದೂ ಅಷ್ಟನ್ನೇ. ಬಾಟಲಿಯಲ್ಲಿ ಬರುವ ಲಾಗರ್ ಬಗೆಯ ಬಿಯರ್‌ನಲ್ಲಿ ಒತ್ತಡ ಹೇರಿ ಎರಡೂವರೆ ಪಟ್ಟು ತುಂಬಿರುತ್ತಾರೆ. ಹೆಚ್ಚು ಅನಿಲ ನಾಲಿಗೆಯನ್ನು ಚುಚ್ಚುತ್ತದೆ. ಆ ಚುರುಕು ಬರೀ ಗುಳ್ಳೆ ಒಡೆಯುವ ಸ್ಪರ್ಶವಲ್ಲ: ಹುಳಿ ಗುರುತಿಸುವ ಕೋಶಗಳ ಮೇಲಿರುವ ಒಂದು ಕಿಣ್ವ ಕಾರ್ಬನ್ ಡೈಆಕ್ಸೈಡನ್ನು ಆಮ್ಲವಾಗಿಸಿ ಸುದ್ದಿ ಕಳಿಸುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಹಿಮಾಲಯದ ಚಾರಣಕ್ಕೆ ಹೋಗುವವರು ನುಂಗುವ ಡಯಾಮಾಕ್ಸ್ ಮಾತ್ರೆ ಇದೇ ಬಗೆಯ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಶಿಖರ ಹತ್ತಿದ ಖುಷಿಗೆ ಬಿಯರ್ ಒಡೆದವರಿಗೆ ಅದು ಸಪ್ಪೆ ನೀರಿನಂತೆ ಅನ್ನಿಸಿದ್ದುಂಟು.

ಇನ್ನು ಬಿಸಿಯ ದೂರು. ಪೀಪಾಯಿಯ ಬಿಯರ್ ಬಿಸಿಯಿರುವುದಿಲ್ಲ, 11ರಿಂದ 13 ಡಿಗ್ರಿಯಲ್ಲಿ ಕೊಡಬೇಕು. ಡೇರೆಯೊಳಗೆ ಅಷ್ಟು ತಂಪು ಕಾಯುವುದು ಹೆಣಗಾಟವೇ: ಪೀಪಾಯಿಗಳ ಬೆನ್ನ ಮೇಲೆ ತಣ್ಣೀರು ಹರಿಯುವ ಕೊಳವೆಗಳನ್ನು ಹೊದಿಸುತ್ತಾರೆ, ಹಿಂದೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ತೀರಾ ತಣ್ಣಗಾದರೆ ಯೀಸ್ಟ್ ಮುದುಡಿ ಕೆಲಸ ನಿಲ್ಲಿಸುತ್ತದೆ, ಎಸ್ಟರ್‌ಗಳು ಆವಿಯಾಗದೆ ಮೂಗಿಗೆ ಏನೂ ತಲುಪುವುದಿಲ್ಲ. ನಾಲಿಗೆಯೂ ಮಂಕಾಗುತ್ತದೆ. ಸಿಹಿಯ ಸುದ್ದಿ ಸಾಗಿಸುವ ಟಿಆರ್‌ಪಿಎಂ5 ಎಂಬ ವಾಹಿನಿ ಬಿಸಿಯೇರಿದಂತೆ ಚುರುಕಾಗುತ್ತದೆ, ತಣ್ಣಗಾದರೆ ಮಲಗುತ್ತದೆ ಎಂದು 2005ರಲ್ಲಿ ತೋರಿಸಲಾಗಿದೆ. ಕರಗಿದ ಐಸ್‌ಕ್ರೀಮ್ ಅಸಹ್ಯ ಸಿಹಿಯೆನಿಸುವುದಕ್ಕೆ ಇದೇ ಕಾರಣ. ಎರಡು ಡಿಗ್ರಿಯಲ್ಲಿ ಬಿಯರ್ ಕೊಡುವ ಕಂಪನಿಗೆ ರುಚಿ ಮುಚ್ಚಿಡುವ ಅನುಕೂಲವಿದೆ, ಅಷ್ಟು ಹೇಳಬಹುದು.

ಆದರೂ ಲಾಗರ್‌ಗೆ ಅನ್ಯಾಯ ಮಾಡಬಾರದು. ಅದರ ಯೀಸ್ಟೇ ಬೇರೆ: ಸಾಮಾನ್ಯ ಯೀಸ್ಟಿಗೂ ಚಳಿ ತಡೆಯುವ ಒಂದು ಕಾಡು ಯೀಸ್ಟಿಗೂ ಹುಟ್ಟಿದ ಮಿಶ್ರಸಂತಾನ. ಆ ಕಾಡು ಪಾಲುದಾರ ಯಾರೆಂದು ಬಹುಕಾಲ ತಿಳಿದಿರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕದ ತುತ್ತತುದಿ ಪ್ಯಾಟಗೋನಿಯದ ಕಾಡಿನಲ್ಲಿ, ಬೀಚ್ ಜಾತಿಯ ಮರಗಳ ಮೇಲೆ ಅದು ಸಿಕ್ಕಿತು. ಹತ್ತು ಡಿಗ್ರಿ ಆಸುಪಾಸಿನ ಚಳಿಯಲ್ಲೂ ನಿಧಾನವಾಗಿ ಹುದುಗುವ ಗುಣ ಲಾಗರ್‌ಗೆ ಬಂದದ್ದು ಆ ಕಡೆಯಿಂದ.

ಮಧ್ಯಾಹ್ನ ಚೀಸ್ ಕೌಂಟರಿನ ಮುಂದೆ ನಿಂತಿದ್ದಾಗ ಧಾರವಾಡದವಳು ಕೇಳಿದಳು, “ಕೆಲವು ಪೀಪಾಯಿ ಮ್ಯಾಲೆ ವೀಗನ್ ಅಂತ ಯಾಕ ಬರದಾರ? ಬಿಯರ್‌ನ್ಯಾಗ ಮತ್ತೇನ ಇರ್ತದ?” ಮಂಗಳೂರಿನವನು ಆ ಗಳಿಗೆಗೇ ಕಾಯುತ್ತಿದ್ದವನಂತೆ ಹೇಳಿದ: “ಮೀನು ಮಾರಾಯ್ತಿ!”

ನಿಜ. ಹಿಂದೆ ಹೇಳಿದ ಸ್ಟೋಕ್ಸ್ ಲೆಕ್ಕ ನೆನಪಿಸಿಕೊಳ್ಳಿ. ಕಣ ಹತ್ತು ಪಟ್ಟು ದಪ್ಪವಾದರೆ ವೇಗ ನೂರು ಪಟ್ಟಿನ ಕಡೆಗೆ ಏರುತ್ತದೆ. ಯೀಸ್ಟ್ ಕಣಗಳನ್ನು ಒಂದಕ್ಕೊಂದು ಅಂಟಿಸಿ ಉಂಡೆ ಮಾಡಿದರೆ ಬೇಗ ತಳ ಸೇರುತ್ತವೆ. ಯೀಸ್ಟಿನ ಮೈಮೇಲೆ ಋಣ ವಿದ್ಯುದಂಶ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ ಆಮ್ಲದಲ್ಲಿ ಕರಗಿಸಿದರೆ ಸಿಗುವ ಕೊಲ್ಯಾಜೆನ್‌ಗೆ ಬಿಯರ್‌ನ ಹುಳಿಯಲ್ಲಿ ಧನ ವಿದ್ಯುದಂಶ. ಐಸಿಂಗ್ಲಾಸ್ ಎಂಬ ಈ ಅಂಟನ್ನು ಚೂರು ಹಾಕಿದರೆ ಅದು ಯೀಸ್ಟನ್ನೆಲ್ಲ ಗುಡಿಸಿಕೊಂಡು ಕೆಳಗೆ ಕೂರುತ್ತದೆ. ಹದಿನೆಂಟನೇ ಶತಮಾನದಲ್ಲಿ ರಷ್ಯದ ಸ್ಟರ್ಜನ್ ಮೀನಿನಿಂದ ತರಿಸುತ್ತಿದ್ದರು, ಬಲು ದುಬಾರಿ. ಗ್ಯಾಸ್ ದೀಪದಿಂದ ಹೆಸರಾದ ವಿಲಿಯಂ ಮರ್ಡಾಕ್ ಕಾಡ್ ಮೀನಿನಿಂದ ಅಗ್ಗದ ಬದಲಿ ಕಂಡುಹಿಡಿದ. ಅಂಟು ತಳದಲ್ಲೇ ಉಳಿಯುತ್ತದೆ, ಗ್ಲಾಸಿಗೆ ಬರುವುದು ಇಲ್ಲವೆನ್ನುವಷ್ಟು. ಆದರೆ ಶಾಕಾಹಾರದಲ್ಲಿ ‘ಇಲ್ಲವೆನ್ನುವಷ್ಟು’ ಎಂಬ ಅಳತೆ ನಡೆಯುವುದಿಲ್ಲವಲ್ಲ. ಅವಳು ಅಲ್ಲಿಂದ ಮುಂದೆ ಮೀನು ಮುಟ್ಟದ, ಮಸುಕಾದ ಬಿಯರ್‌ಗಳ ಕಡೆಗೇ ಹೋದಳು. ಬಾಟಲಿ ಲಾಗರ್‌ಗಳನ್ನು ಈಗ ಹೆಚ್ಚಾಗಿ ಯಂತ್ರದಲ್ಲೇ ಸೋಸುತ್ತಾರೆ, ಅಲ್ಲಿ ಈ ಗೊಡವೆ ಕಡಿಮೆ.

ಹಾಪ್ಸ್ ಬಗ್ಗೆ ಒಂದು ಮಾತು, ನಮಗೂ ಅದಕ್ಕೂ ನಂಟಿರುವುದರಿಂದ. ಗಾಂಜಾ ಕುಟುಂಬದ ಈ ಬಳ್ಳಿಯ ಹೆಣ್ಣುಹೂವಿನಲ್ಲಿ ಕೆಲವು ಆಮ್ಲಗಳಿವೆ. ಒಂದು ಗಂಟೆ ಕುದಿಸಿದಾಗ ಅವುಗಳ ಅಣುರಚನೆ ತಿರುಚಿಕೊಂಡು ಕಹಿಯಾಗುತ್ತವೆ, ನೀರಲ್ಲಿ ಕರಗುತ್ತವೆ. ಬಿಯರ್ ಹುಳಿಯಾಗಿಸುವ ಲ್ಯಾಕ್ಟೋಬ್ಯಾಸಿಲಸ್‌ಗಳ ಪೊರೆಯಲ್ಲಿ ಸೋರಿಕೆ ಉಂಟುಮಾಡಿ ಅವನ್ನು ಕೊಲ್ಲುತ್ತವೆ, ಯೀಸ್ಟಿಗೆ ಏನೂ ಮಾಡುವುದಿಲ್ಲ. ಲಂಡನ್ನಿನಿಂದ ಹಡಗು ಆಫ್ರಿಕ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಇಂಡಿಯಾ ಮುಟ್ಟಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿದ್ದ ಕಾಲದಲ್ಲಿ ಹೆಚ್ಚು ಹಾಪ್ಸ್ ಹಾಕಿದ ಬಿಯರ್ ಕೆಡದೆ ಬರುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಗೆ ಹತ್ತಿರವಿದ್ದ ಹಾಡ್ಜ್‌ಸನ್ ಬ್ರೂವರಿ ಅದರಲ್ಲಿ ಮುಂದಿತ್ತು, 1820ರ ದಶಕದಲ್ಲಿ ಬರ್ಟನ್ ಊರಿನವರು ಪೈಪೋಟಿಗಿಳಿದರು. ಬರ್ಟನ್‌ನ ಬಾವಿನೀರಿನಲ್ಲಿ ಜಿಪ್ಸಮ್ ಹೆಚ್ಚು. ಸಲ್ಫೇಟ್ ಇದ್ದರೆ ಕಹಿ ಹರಿತವಾಗಿ ಅನ್ನಿಸುತ್ತದೆ. ಇಂಡಿಯಾ ಪೇಲ್ ಏಲ್ ಎಂದು ಈಗ ಇಂದಿರಾನಗರದ ಮೈಕ್ರೊಬ್ರೂವರಿಗಳಲ್ಲಿ ಮಾರುವುದು ಆ ವಂಶದ್ದೇ. ಹಡಗಿಗಾಗಿಯೇ ಯಾರೋ ಒಬ್ಬ ಒಂದು ದಿನ ಅದನ್ನು ಕಂಡುಹಿಡಿದ ಎಂಬ ಕತೆಯನ್ನು ಮಾತ್ರ ನಂಬಬೇಡಿ. ಹೆಚ್ಚು ಹಾಪ್ಸ್ ಹಾಕಿ ವರ್ಷಗಟ್ಟಲೆ ಇಡುವ ಬಿಯರ್ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಇತ್ತು.

ಇಷ್ಟೆಲ್ಲ ಹೇಳಿ ಆಲ್ಕೋಹಾಲ್ ದೇಹದಲ್ಲಿ ಏನು ಮಾಡುತ್ತದೆಂದು ಹೇಳದಿದ್ದರೆ ಅದು ಜಾಹೀರಾತಾದೀತು. ಶೇಕಡಾ 4ರ ಒಂದು ಪೈಂಟ್‌ನಲ್ಲಿ ಸುಮಾರು 18 ಗ್ರಾಂ ಆಲ್ಕೋಹಾಲ್ ಇದೆ. ಯಕೃತ್ತು ಗಂಟೆಗೆ ಎಂಟು ಗ್ರಾಂ ಆಸುಪಾಸು ಮಾತ್ರ ತೊಳೆಯಬಲ್ಲದು. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ನಮ್ಮಲ್ಲಿನ 650 ಮಿಲಿಲೀಟರ್ ‘ಸ್ಟ್ರಾಂಗ್’ ಬಾಟಲಿ ಶೇಕಡಾ ಏಳೂವರೆ ಇದ್ದರೆ ಅದರಲ್ಲಿ 38 ಗ್ರಾಂ, ಎಂದರೆ ಎರಡು ಪೈಂಟ್‌ಗೂ ಹೆಚ್ಚು. “ಅಲ್ಲಿಯ ಬಿಯರ್ ಏರುವುದೇ ಇಲ್ಲ” ಎನ್ನುವವರು ಈ ಲೆಕ್ಕ ನೋಡಬೇಕು. ಇಂಗ್ಲೆಂಡಿನಲ್ಲಿ ಚಾಲಕರ ರಕ್ತದಲ್ಲಿ 100 ಮಿಲಿಲೀಟರಿಗೆ 80 ಮಿಲಿಗ್ರಾಂವರೆಗೆ ಕಾನೂನು ಬಿಡುತ್ತದೆ, ಭಾರತದಲ್ಲಿ 30. ನಮ್ಮದೇ ಸರಿ.

ಯಕೃತ್ತು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅದನ್ನು ಇನ್ನೊಂದು ಕಿಣ್ವ ನಿರಪಾಯಗೊಳಿಸುತ್ತದೆ. ನಡುವಿನ ಅಸಿಟಾಲ್ಡಿಹೈಡೇ ಖಳ. ಟ್ರಂಪಿಂಗ್ಟನ್ನಿನ ಪಕ್ಕದಲ್ಲೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಣುಜೀವವಿಜ್ಞಾನ ಪ್ರಯೋಗಾಲಯ ಎಲ್‌ಎಂಬಿ ಇದೆ. ಅಲ್ಲಿ ಕೇತನ್ ಪಟೇಲ್ ಅವರ ತಂಡ 2018ರಲ್ಲಿ ಇಲಿಗಳ ರಕ್ತದ ಕಾಂಡಕೋಶಗಳನ್ನು ಪರೀಕ್ಷಿಸಿ, ಈ ವಸ್ತು ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸಿ ವರ್ಣತಂತುಗಳನ್ನೇ ಅಸ್ತವ್ಯಸ್ತ ಮಾಡುತ್ತದೆಂದು ತೋರಿಸಿತು. ಎಎಲ್‌ಡಿಎಚ್2 ಎಂಬ ಆ ಎರಡನೇ ಕಿಣ್ವ ಇಲ್ಲದ ಇಲಿಗಳಲ್ಲಿ ಹಾನಿ ನಾಲ್ಕು ಪಟ್ಟು. ಮನುಷ್ಯರಲ್ಲೂ, ಮುಖ್ಯವಾಗಿ ಪೂರ್ವ ಏಷ್ಯಾದಲ್ಲಿ, 50 ಕೋಟಿಗೂ ಹೆಚ್ಚು ಜನರಲ್ಲಿ ಈ ಕಿಣ್ವ ಸೊರಗಿದೆ. ಒಂದು ಗುಟುಕಿಗೇ ಮುಖ ಕೆಂಪೇರುವುದು ಅದರ ಗುರುತು. ಡಿಎನ್‌ಎಯ ರಚನೆ ಸಿಕ್ಕಿತೆಂದು ಕ್ರಿಕ್ 1953ರ ಫೆಬ್ರುವರಿ 28ರಂದು ಸಾರಿದ್ದು, ವಾಟ್ಸನ್ ಬರೆದಿರುವ ಪ್ರಕಾರ, ಇದೇ ಊರಿನ ಈಗಲ್ ಪಬ್‌ನಲ್ಲಿ. ಪಬ್‌ನಲ್ಲಿ ಸುರಿಯುವ ಪಾನೀಯ ಆ ಡಿಎನ್‌ಎಗೇ ಏನು ಮಾಡುತ್ತದೆಂದು ತೋರಿಸಿದ್ದು ಅವರದೇ ಪರಂಪರೆಯ ಪ್ರಯೋಗಾಲಯ. ಆಲ್ಕೋಹಾಲ್ ಪಾನೀಯಗಳು 1988ರಿಂದಲೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಯ ಪಟ್ಟಿಯಲ್ಲಿವೆ. ಇಷ್ಟು ಕುಡಿದರೆ ಪೂರ್ತಿ ಸುರಕ್ಷಿತ ಎಂಬ ಗೆರೆ ಯಾವ ಗ್ಲಾಸಿನ ಮೇಲೂ ಇಲ್ಲ.

ಸಂಜೆಯ ಹೊತ್ತಿಗೆ ಮಂಡ್ಯದವನು ಮೂರನೇ ಗೆರೆಯ ಅಳತೆಯಲ್ಲಿ ಕಪ್ಪು ಬಿಯರ್‌ನ ಕಡೆ ತಿರುಗಿ, “ಪರ್ವಾಗಿಲ್ಲ ಕಣ್ಲಾ, ಉರುದ್ ಕಾಫಿಬೀಜದ್ ವಾಸ್ನೆ ಬತ್ತದೆ” ಎನ್ನತೊಡಗಿದ್ದ. ಅದು ಹೆಚ್ಚು ಹುರಿದ ಮಾಲ್ಟಿನ ವಾಸನೆ. ಕಾಫಿಬೀಜ ಹುರಿಯುವಾಗ ನಡೆಯುವ ಮೈಲಾರ್ಡ್ ರಾಸಾಯನಿಕ ಕ್ರಿಯೆಯೇ ಬಾರ್ಲಿಯಲ್ಲೂ ನಡೆದಿರುತ್ತದೆ, ಹಾಗಾಗಿ ಅವನ ಮೂಗು ತಪ್ಪು ಹೇಳಿರಲಿಲ್ಲ.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ಹೊಟ್ಟೆ ತುಂಬ ಉಂಡು ಹೋಗಿ, ಆಲ್ಕೋಹಾಲ್ ರಕ್ತಕ್ಕೆ ಇಳಿಯುವುದು ನಿಧಾನವಾಗುತ್ತದೆ. ಮೂರನೇ ಗೆರೆ ದಾಟಬೇಡಿ, ಕಾರು ಮನೆಯಲ್ಲೇ ಇರಲಿ. ಕುಡಿಯದವರು ಕುಡಿಯಲು ಶುರುಮಾಡಬೇಕಾದ ಅಗತ್ಯವೇನಿಲ್ಲ. ಗೂಟದ ತುದಿಯಲ್ಲಿ ನೊರೆ ಉಕ್ಕುವುದನ್ನು ನೋಡಲು ಗ್ಲಾಸ್ ಬೇಕಾಗಿಲ್ಲ. ಉತ್ಸವದ ಕೊನೆಯ ದಿನಕ್ಕಿಂತ ಮೊದಲ ದಿನಗಳು ಮೇಲು. ನಲ್ಲಿ ತಿರುಗಿಸಿ ಬಿಯರ್ ತೆಗೆದಷ್ಟೂ ಪೀಪಾಯಿಗೆ ಗಾಳಿ ಹೋಗುತ್ತದೆ, ಆಮ್ಲಜನಕ ರುಚಿ ಕೆಡಿಸುತ್ತದೆ, ಗಾಳಿಯೊಡನೆ ಬಂದ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡಲು ಹೊರಡುತ್ತದೆ. ತೆರೆದ ಪೀಪಾಯಿಯ ಒಳ್ಳೆಯ ಆಯಸ್ಸು ಮೂರು ದಿನ. ಚೆನ್ನಾಗಿದೆಯೆಂದು ಬಾಟಲಿಗೆ ತುಂಬಿಸಿಕೊಂಡು ಊರಿಗೆ ತರಲು ಮಾತ್ರ ಹೋಗಬೇಡಿ, ಬೆಂಗಳೂರು ಮುಟ್ಟುವಷ್ಟರಲ್ಲಿ ಹಳಸಿರುತ್ತದೆ.